ಕೋಡ್ ಬರೆಯಲು ಯಾವ ಎಐ ಸಹಾಯಕ? ಮೊದಲು ಮೇಜು ಖಾಲಿ ಮಾಡಿ, ಆಮೇಲೆ ಆರಿಸಿ

ಕೋಡ್ ಬರೆಯಲು ನೆರವಾಗುವ ಎಐ ಸಾಧನಗಳಲ್ಲಿ ಕೋಪೈಲಟ್ ಇಟ್ಟುಕೊಳ್ಳಲೇ, ಕರ್ಸರ್‌ಗೆ ಹೋಗಲೇ, ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡುವ ಪರದೆಯಲ್ಲಿ) ಕೆಲಸ ಮಾಡುವ ಏಜೆಂಟ್, ಅಂದರೆ ಒಪ್ಪಿಸಿದ್ದನ್ನು ತಾನೇ ಹಂತ ಹಂತವಾಗಿ ಮಾಡುವ ಎಐ, ಒಳ್ಳೆಯದೇ, ತಿಂಗಳಿಗೆ ಎರಡು ಸಾವಿರ ರೂಪಾಯಿ ಕೊಡುವುದು ದಂಡವೇ? ಕಳೆದ ಕೆಲವು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಮೂವರು ಕೇಳಿದರು. ಒಬ್ಬಳು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಅವಳ ಲ್ಯಾಪ್‌ಟಾಪ್‌ನಲ್ಲಿರುವುದು 8 ಜಿಬಿ ಮೆಮೊರಿ. ಇನ್ನೊಬ್ಬರು ಹೊರದೇಶದ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಎಂಟು ವರ್ಷಗಳಿಂದ ಇರುವವರು. ಮೂರನೆಯವರು ಊರಿನ ಅಂಗಡಿ, ಶಾಲೆ, ಕ್ಲಿನಿಕ್‌ಗಳಿಗೆ ಜಾಲತಾಣ ಮಾಡಿಕೊಟ್ಟು ಸ್ವಂತವಾಗಿ ದುಡಿಯುವವರು. ಪ್ರಶ್ನೆ ಒಂದೇ ಆದರೂ ಮೂವರಿಗೂ ಒಂದೇ ಉತ್ತರ ಕೊಟ್ಟರೆ ಮೋಸ ಮಾಡಿದಂತೆ. ಹಾಗಾಗಿ ಒಂದೇ ಕೆಲಸವನ್ನು ಬೇರೆ ಬೇರೆ ಸಾಧನಗಳಿಗೆ ಒಪ್ಪಿಸಿ ನೋಡಿದೆ. ಅಲ್ಲಿ ಕಂಡದ್ದರಿಂದಲೇ ಆರಂಭಿಸುತ್ತೇನೆ.

ಕೆಲಸ ಚಿಕ್ಕದು. ಒಂದು ಸಾಲು ಪದ್ಯ ಕೊಟ್ಟರೆ ಲಘು ಗುರು ಗುರುತಿಸಿ ಮಾತ್ರೆಗಳನ್ನು ಎಣಿಸುವ ಪುಟ. ಭಾಮಿನಿ ಷಟ್ಪದಿಯ ಆರು ಸಾಲು ಹಾಕಿದರೆ ಮೊದಲ ಸಾಲಿನಲ್ಲಿ 14, ಮೂರನೆಯದರಲ್ಲಿ 23, ಒಟ್ಟು 102 ಮಾತ್ರೆ ಎಂದು ತೋರಿಸಬೇಕು. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಗೊತ್ತಿರುವ ಲೆಕ್ಕ.

ಕೇಳಿದ್ದಕ್ಕೆ ಮೊದಲ ಏಜೆಂಟ್ ಏನು ಮಾಡಿತು ಎಂದರೆ, ಜಾಲಪುಟ ಕಟ್ಟುವ ರಿಯಾಕ್ಟ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ತಂದಿತು, ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆ ತಂದಿತು, ಬಣ್ಣ ಬಳಿಯಲು ಇನ್ನೊಂದು ಲೈಬ್ರರಿ, ಪರೀಕ್ಷೆಗೆ ಮತ್ತೊಂದು. ಹತ್ತು ನಿಮಿಷದಲ್ಲಿ ಫೋಲ್ಡರ್ ತುಂಬ ಸಂರಚನೆಯ (ಸೆಟ್ಟಿಂಗ್‌ಗಳ) ಫೈಲುಗಳು, ಇಂಥ ಸಿದ್ಧ ಕೋಡಿನ ನೂರಾರು ಪ್ಯಾಕೇಜುಗಳು. ಮಾತ್ರೆ ಎಣಿಸುವ ಕೋಡ್ ಅವುಗಳ ನಡುವೆ ಎಲ್ಲೋ ನಲವತ್ತು ಸಾಲಿನಲ್ಲಿ ಅಡಗಿ ಕೂತಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಎಲ್ಲವನ್ನೂ ಅಳಿಸಿ, "ಒಂದೇ ಎಚ್‌ಟಿಎಂಎಲ್ ಫೈಲ್, ಹೊರಗಿನ ಯಾವ ಲೈಬ್ರರಿಯೂ ಬೇಡ, ಎರಡು ಸಲ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ತೆರೆಯಬೇಕು" ಎಂದು ಮತ್ತೆ ಕೇಳಿದೆ. ಸುಮಾರು ಎಪ್ಪತ್ತು ಸಾಲಿನಲ್ಲಿ ಕೆಲಸ ಮುಗಿಯಿತು.

ಮುಗಿಯಿತೇ? "ಕನ್ನಡ" ಎಂದು ಹಾಕಿದೆ. 4 ಮಾತ್ರೆ ಎಂದು ಬಂತು, ಸರಿಯಾದ ಉತ್ತರ. "ಕಾವ್ಯ" ಎಂದು ಹಾಕಿದೆ. ಅದಕ್ಕೂ 4 ಬಂತು, ಬರಬೇಕಾದದ್ದು 3. ಒಳಗೆ ನೋಡಿದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರು ಮಾಡುವ ಬದಲು ಒತ್ತಕ್ಷರವನ್ನೇ ಗುರು ಮಾಡಿತ್ತು. "ಕನ್ನಡ"ದಲ್ಲಿ ಕ ಗುರು, ನ್ನ ಲಘು, ಡ ಲಘು. ಅದು ಕ ಲಘು, ನ್ನ ಗುರು, ಡ ಲಘು ಎಂದು ಎಣಿಸಿದರೂ ಮೊತ್ತ ನಾಲ್ಕೇ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಮನೆ ಮುಟ್ಟಿತ್ತು. "ಕಾವ್ಯ"ದಲ್ಲಿ ಕಾ ಮೊದಲೇ ದೀರ್ಘವಾದ್ದರಿಂದ ತಪ್ಪು ಹೊರಗೆ ಬಿತ್ತು. ಛಂದಸ್ಸು ಬಾರದವರು ಮೊದಲ ಉತ್ತರ ನೋಡಿಯೇ ಸಮಾಧಾನಪಟ್ಟು ಎದ್ದುಹೋಗುತ್ತಿದ್ದರು.

ಇಲ್ಲಿ ಎರಡು ಬಗೆಯ ತೊಡಕು ಇದ್ದವು. ಒತ್ತಕ್ಷರದ ನಿಯಮ ಕೆಲಸದೊಳಗೇ ಇರುವ ತೊಡಕು. ಯಾವ ಭಾಷೆಯಲ್ಲಿ ಬರೆದರೂ ಅದನ್ನು ಎದುರಿಸಲೇಬೇಕು. ಫೋಲ್ಡರ್ ತುಂಬಿದ ಸಂರಚನೆಯ ಫೈಲುಗಳು ನಾವಾಗಿ ತಂದುಕೊಂಡ ತೊಡಕು. ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲೇ ಈ ಎರಡನ್ನು ಬೇರ್ಪಡಿಸಿ ತೋರಿಸಿದ್ದರು. ನನ್ನ ಮಾತು ಇಷ್ಟೇ: ಎಐ ಸಹಾಯಕವನ್ನು ಆರಿಸುವ ಮೊದಲು ಎರಡನೆಯ ಬಗೆಯ ತೊಡಕನ್ನು ಕಳೆದುಕೊಳ್ಳಬೇಕು. ಕಳೆದುಕೊಂಡ ಮೇಲೆ ನಿಮಗೆ ಬೇಕಾಗುವ ಸಹಾಯಕ, ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದೂ ಅಗ್ಗವೂ ಆಗಿರುತ್ತದೆ.

ನೋವು ಹೋದರೆ ರೋಗ ಹೋಗುವುದಿಲ್ಲ

ಪ್ರೋಗ್ರಾಮಿಂಗ್ ಸಾಧನಗಳ ಗೋಜಲು ಎಐ ಬರುವ ಮೊದಲೇ ಇತ್ತು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಲೇಖಕ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರದಿಂದ ತೆಗೆದುಹಾಕಿದಾಗ ಜಗತ್ತಿನಾದ್ಯಂತ ಸಾವಿರಾರು ಸಾಫ್ಟ್‌ವೇರ್ ಯೋಜನೆಗಳು ಓಡುವ ರೂಪಕ್ಕೆ ಬರಲಾಗದೆ ನಿಂತವು. ಆ ಪ್ಯಾಕೇಜ್ ಮಾಡುತ್ತಿದ್ದದ್ದು ಅಕ್ಷರಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವ ಕೆಲಸವನ್ನು ಮಾತ್ರ. ಪೈಥಾನ್ ಭಾಷೆಯ ಕಡೆ ನೋಡಿದರೆ ಅದನ್ನೂ ಅದರ ಪ್ಯಾಕೇಜುಗಳನ್ನೂ ಹೊಂದಿಸುವುದಕ್ಕೇ ಪಿಪ್, ವೆನ್ವ್, ಕೊಂಡಾ, ಪೊಯೆಟ್ರಿ, 2024ರಲ್ಲಿ ಬಂದ ಯುವಿ. ಒಂದೊಂದಕ್ಕೂ ಅದರದೇ ಕಾರಣವಿದೆ, ಆದರೆ ಹೊಸದಾಗಿ ಕಲಿಯುವವರು ಮೊದಲ ವಾರವನ್ನು ಪೈಥಾನ್ ಕಲಿಯುವುದರಲ್ಲಲ್ಲ, ಪೈಥಾನ್ ಹಾಕಿಕೊಳ್ಳುವುದರಲ್ಲಿ ಕಳೆಯುತ್ತಾರೆ.

ಮೊದಲು ಈ ಗೋಜಲು ನೋಯುತ್ತಿತ್ತು. ನೋಯುತ್ತಿದ್ದರಿಂದ ಯಾರಾದರೂ ಸರಳ ದಾರಿ ಹುಡುಕುತ್ತಿದ್ದರು. ಈಗ ಏಜೆಂಟ್ ಇಪ್ಪತ್ತು ಸಂರಚನೆಯ ಫೈಲುಗಳನ್ನು ಬೇಸರವಿಲ್ಲದೆ ಬರೆದುಕೊಡುತ್ತದೆ. ನೋವು ಇಲ್ಲ, ಆದರೆ ಫೈಲುಗಳು ಇವೆ. ಆರು ತಿಂಗಳ ನಂತರ ಅವುಗಳಲ್ಲಿ ಒಂದು ಮುರಿದಾಗ ಅದು ಏನೆಂದು ನಿಮಗೂ ಗೊತ್ತಿರುವುದಿಲ್ಲ, ಏಜೆಂಟಿಗೂ ನೆನಪಿರುವುದಿಲ್ಲ. ಮೇಲಾಗಿ, ಈ ಸಹಾಯಕಗಳ ಮಿದುಳಿನಂತಿರುವ ಎಐ ಮಾದರಿಗಳು ಹಳೆಯ ಪಾಠಗಳನ್ನು ಓದಿ ಕಲಿತಿರುತ್ತವೆ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ, ರಿಯಾಕ್ಟ್ ಕೆಲಸ ಆರಂಭಿಸಲು ಬಳಸುತ್ತಿದ್ದ ಸಾಧನವನ್ನು 2025ರ ಫೆಬ್ರುವರಿಯಲ್ಲಿ ಅದರ ತಂಡವೇ ಕೈಬಿಟ್ಟಿತು. ಆದರೆ ಅದನ್ನು ಬಳಸಿ ಎಂದು ಹೇಳುವ ಸಾವಿರಾರು ಪುಟಗಳು ಅಂತರ್ಜಾಲದಲ್ಲಿ ಹಾಗೆಯೇ ಉಳಿದಿವೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಮಾದರಿಗಳು ಇಲ್ಲದ ಪ್ಯಾಕೇಜಿನ ಹೆಸರು ಹೇಳುತ್ತವೆ. ಹದಿನಾರು ಮಾದರಿಗಳಿಂದ ಐದು ಲಕ್ಷಕ್ಕೂ ಹೆಚ್ಚು ಕೋಡ್ ತುಣುಕುಗಳನ್ನು ಬರೆಸಿ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ವಾಣಿಜ್ಯ ಮಾದರಿಗಳು ಸೂಚಿಸಿದ ಪ್ಯಾಕೇಜುಗಳಲ್ಲಿ ಸರಾಸರಿ ಶೇ 5.2ರಷ್ಟು, ಯಾರಾದರೂ ಇಳಿಸಿಕೊಳ್ಳಬಹುದಾದ ಮುಕ್ತ ಮಾದರಿಗಳು ಸೂಚಿಸಿದವುಗಳಲ್ಲಿ ಶೇ 21.7ರಷ್ಟು ಅಸ್ತಿತ್ವದಲ್ಲೇ ಇರಲಿಲ್ಲ. ಆ ಹೆಸರಿನಲ್ಲಿ ಯಾರಾದರೂ ದುರುದ್ದೇಶದ ಪ್ಯಾಕೇಜ್ ಏರಿಸಿ ಕಾದು ಕೂತರೆ, ಏಜೆಂಟ್ ಅದನ್ನು ನಿಮ್ಮ ಯಂತ್ರಕ್ಕೆ ಇಳಿಸುತ್ತದೆ. ಹೊರಗಿನ ಲೈಬ್ರರಿ ಕಡಿಮೆಯಿದ್ದಷ್ಟೂ ಈ ಬಾಗಿಲು ಕಿರಿದು.

ಅಳೆಯುವ ಕೋಲು

ಯಾವ ಮಾದರಿ ಎಷ್ಟು ಅಂಕ ಗಳಿಸಿತು ಎಂಬ ಪಟ್ಟಿಗಳನ್ನು ನಾನು ಆಯ್ಕೆಗೆ ಬಳಸುವುದಿಲ್ಲ. ತಿಂಗಳು ತಿಂಗಳು ಮೇಲೆ ಕೆಳಗೆ ಆಗುವ ಪಟ್ಟಿ ಅದು. ನಾನು ಕೇಳಿಕೊಳ್ಳುವ ಪ್ರಶ್ನೆಗಳು ಬೇರೆ.

ಮೊದಲನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಬಂದ ಉತ್ತರ ಸರಿಯೇ ತಪ್ಪೇ ಎಂದು ನಾನು ಪರೀಕ್ಷಿಸಬಲ್ಲೆನೇ? "ಕಾವ್ಯ" ಎಂಬ ಪದವನ್ನು ಹಾಕಿ ನೋಡಬೇಕು ಎಂದು ನನಗೆ ಹೊಳೆಯುತ್ತದೆಯೇ? ಹೊಳೆಯುವ ಕ್ಷೇತ್ರದಲ್ಲಿ ಸಹಾಯಕಕ್ಕೆ ಸಡಿಲ ಹಗ್ಗ ಕೊಡಬಹುದು, ಹೊಳೆಯದ ಕಡೆ ಬಿಗಿ ಹಗ್ಗ.

ಎರಡನೆಯದು, ಅದು ಎಷ್ಟು ದೂರ ಕೈ ಚಾಚುತ್ತದೆ? ಒಂದು ಸಾಲು ಸೂಚಿಸುವುದು ಬೇರೆ, ಫೈಲುಗಳನ್ನು ತಾನೇ ತಿದ್ದುವುದು ಬೇರೆ, ಆದೇಶಗಳನ್ನು ಚಲಾಯಿಸುವುದು ಇನ್ನೂ ಬೇರೆ. 2025ರ ಜುಲೈಯಲ್ಲಿ, ಬ್ರೌಸರ್‌ನಲ್ಲೇ ಕೋಡ್ ಬರೆಯುವ ಸೇವೆಯಾದ ರೆಪ್ಲಿಟ್‌ನ ಏಜೆಂಟ್, ಬದಲಾವಣೆ ಮಾಡಬೇಡ ಎಂದು ಹೇಳಿದ್ದರೂ ಬಳಕೆದಾರರೊಬ್ಬರ ಚಾಲ್ತಿಯಲ್ಲಿದ್ದ ಡೇಟಾಬೇಸನ್ನು ಅಳಿಸಿಹಾಕಿದ ಸಂಗತಿ ದೊಡ್ಡ ಸುದ್ದಿಯಾಗಿತ್ತು. ಕೈ ಉದ್ದವಾದಷ್ಟೂ ಹಿಂದಕ್ಕೆ ಮರಳುವ ದಾರಿ ಗಟ್ಟಿಯಾಗಿರಬೇಕು.

ಮೂರನೆಯದು, ಈ ಸಾಧನ ತಾನೇ ಎಷ್ಟು ಹೊಸ ಗೋಜಲು ತರುತ್ತದೆ? ಹೊಸ ಎಡಿಟರ್ (ಕೋಡ್ ಬರೆಯುವ ತಂತ್ರಾಂಶ) ಕಲಿಯಬೇಕೇ? ಅದಕ್ಕಾಗಿಯೇ ಬರೆದಿಡಬೇಕಾದ ಸೂಚನಾ ಫೈಲುಗಳೆಷ್ಟು? ಒಂದು ಸಾಧನಕ್ಕೆ ಒಂದು ಹೆಸರಿನ ಫೈಲ್, ಇನ್ನೊಂದಕ್ಕೆ ಇನ್ನೊಂದು. ಒಂದೇ ಯೋಜನೆಯಲ್ಲಿ ಮೂರು ಸಹಾಯಕಗಳ ಮೂರು ಸೂಚನಾ ಫೈಲುಗಳು ಪರಸ್ಪರ ವಿರುದ್ಧವಾಗಿದ್ದುದನ್ನು ಕಂಡಿದ್ದೇನೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು.

ಉಳಿದವು ಎಲ್ಲರಿಗೂ ಹೊಳೆಯುವಂಥವು: ನನ್ನ ಕೋಡ್ ಯಾರ ಸರ್ವರ್‌ಗೆ ಹೋಗುತ್ತದೆ, ತಿಂಗಳ ಖರ್ಚು ಮೊದಲೇ ಗೊತ್ತಾಗುತ್ತದೆಯೇ, ನಾಳೆ ಇದನ್ನು ಬಿಟ್ಟರೆ ನನ್ನ ಕೆಲಸ ನಿಲ್ಲುತ್ತದೆಯೇ.

ಬ್ರೌಸರ್‌ನ ಚಾಟ್: ಎಲ್ಲರೂ ಕಡೆಗಣಿಸುವ ಆಯ್ಕೆ

ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ. ಮೂರಕ್ಕೂ ಉಚಿತ ಆವೃತ್ತಿ ಇದೆ. ಪ್ರಶ್ನೆ ಕೇಳುವುದು, ಉತ್ತರ ಓದುವುದು, ಬೇಕಾದ ಭಾಗವನ್ನು ನಕಲು ಮಾಡಿ ನಮ್ಮ ಫೈಲಿಗೆ ಅಂಟಿಸುವುದು. ಇದು ಹಳೆಯ ದಾರಿ, ನಿಧಾನದ ದಾರಿ ಎಂದು ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಆ ನಿಧಾನವೇ ಇದರ ಗುಣ. ನಕಲು ಮಾಡಿ ಅಂಟಿಸುವಾಗ ಕಣ್ಣು ಒಮ್ಮೆ ಕೋಡಿನ ಮೇಲೆ ಹಾಯುತ್ತದೆ. ನಿಮ್ಮ ಯಂತ್ರದಲ್ಲಿ ಏನನ್ನೂ ಹಾಕಿಕೊಳ್ಳಬೇಕಿಲ್ಲ, ಏನನ್ನೂ ಅದು ಮುಟ್ಟುವುದಿಲ್ಲ, ಬಿಡುವ ದಿನ ಬ್ರೌಸರ್ ಮುಚ್ಚಿದರೆ ಆಯಿತು.

ಮಾತ್ರೆ ಎಣಿಸುವ ಪುಟದಂಥ ಒಂದೇ ಫೈಲಿನ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಡ. ಫೈಲುಗಳು ಹತ್ತು ದಾಟಿದಾಗ ಕಷ್ಟ ಆರಂಭವಾಗುತ್ತದೆ. ಯಾವುದನ್ನು ತೋರಿಸಿದೆ, ಯಾವುದನ್ನು ತೋರಿಸಲಿಲ್ಲ ಎಂಬುದರ ಲೆಕ್ಕ ತಪ್ಪುತ್ತದೆ, ಮಾದರಿ ತನಗೆ ಕಾಣದ ಫೈಲಿನ ಬಗ್ಗೆ ಊಹೆ ಮಾಡುತ್ತದೆ.

ನಮ್ಮಲ್ಲಿ ಬೆಲೆಯೂ ಇದರ ಪರವಾಗಿದೆ. ಓಪನ್‌ಎಐ 2025ರ ಆಗಸ್ಟ್‌ನಲ್ಲಿ ಭಾರತಕ್ಕಾಗಿ 399 ರೂಪಾಯಿಯ ಗೋ ಯೋಜನೆ ತಂದಿತು, ಯುಪಿಐ ಮೂಲಕ ಪಾವತಿಸಬಹುದು. ಹೊರದೇಶದ ಚಂದಾಗಳಿಗೆ ನಮ್ಮ ಕಾರ್ಡುಗಳಿಂದ ತಿಂಗಳು ತಿಂಗಳು ಹಣ ಕಡಿತವಾಗುವುದಕ್ಕೆ 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಬಿಗಿ ನಿಯಮಗಳಿವೆ. ಕಾರ್ಡ್ ತಿರಸ್ಕೃತವಾಗಿ ಪರದಾಡಿದವರಿಗೆ ಯುಪಿಐ ಎಂಬ ಮೂರಕ್ಷರದ ಬೆಲೆ ಗೊತ್ತು.

ಎಡಿಟರ್‌ನೊಳಗಿನ ಸೂಚಕ

ಗಿಟ್‌ಹಬ್ ಕೋಪೈಲಟ್ ಈ ಬಗೆಯಲ್ಲಿ ಮೊದಲು ಹೆಸರಾದದ್ದು. 2021ರ ಜೂನ್‌ನಲ್ಲಿ ಪ್ರಾಯೋಗಿಕವಾಗಿ ಬಂತು, ಮರುವರ್ಷ ಜೂನ್‌ನಲ್ಲಿ ಎಲ್ಲರಿಗೂ ತಿಂಗಳಿಗೆ 10 ಡಾಲರ್‌ಗೆ ತೆರೆಯಿತು, 2024ರ ಡಿಸೆಂಬರ್‌ನಲ್ಲಿ ಉಚಿತ ಯೋಜನೆ ಸೇರಿತು. ಆ ಉಚಿತ ಯೋಜನೆ ಆರಂಭವಾದಾಗ ತಿಂಗಳಿಗೆ 2,000 ಸೂಚನೆ, 50 ಚಾಟ್ ಸಂದೇಶಗಳ ಮಿತಿ ಇತ್ತು. ವಿದ್ಯಾರ್ಥಿ ಎಂದು ದೃಢಪಡಿಸಿಕೊಂಡವರು ಶುಲ್ಕವಿಲ್ಲದೆ ಬಳಸಬಹುದು.

ನೀವು ಬಳಸುತ್ತಿರುವ ಎಡಿಟರ್ ಹಾಗೆಯೇ ಇರುತ್ತದೆ. ವಿಎಸ್ ಕೋಡ್ ಇರಲಿ, ಜೆಟ್‌ಬ್ರೈನ್ಸ್ ಇರಲಿ, ನಿಯೋವಿಮ್ ಇರಲಿ, ಒಂದು ವಿಸ್ತರಣೆ ಹಾಕಿಕೊಂಡರೆ ಸಾಕು. ನೀವು ಬರೆಯುತ್ತಾ ಹೋದಂತೆ ಬೂದು ಬಣ್ಣದಲ್ಲಿ ಮುಂದಿನ ಸಾಲು ಕಾಣುತ್ತದೆ, ಒಪ್ಪಿದರೆ ಟ್ಯಾಬ್ ಒತ್ತುತ್ತೀರಿ. ಈಗ ಅದರೊಳಗೂ ಏಜೆಂಟ್ ಬಂದಿದೆ, ಆದರೆ ಈ ಬೂದು ಸಾಲೇ ಇಂದಿಗೂ ಅದರ ಜೀವಾಳ ಎಂದು ನಾನು ತಿಳಿದಿದ್ದೇನೆ. ಪ್ರತಿದಿನ ಒಂದೇ ಬಗೆಯ ಕೋಡ್ ಬರೆಯುವವರಿಗೆ ಬೆರಳಿನ ಶ್ರಮ ನಿಜವಾಗಿ ಉಳಿಯುತ್ತದೆ.

ಕಲಿಯುವವರಿಗೆ ಮಾತ್ರ ಇದೇ ಸಾಧನ ತೊಂದರೆ ಕೊಡುತ್ತದೆ. ಯೋಚನೆ ಅರ್ಧದಲ್ಲಿರುವಾಗಲೇ ಉತ್ತರ ಕಣ್ಣೆದುರು ಬರುತ್ತದೆ. ಗಣಿತದ ಪುಸ್ತಕದ ಕೊನೆಯ ಪುಟವನ್ನು ತೆರೆದಿಟ್ಟುಕೊಂಡು ಲೆಕ್ಕ ಮಾಡಿದ ಹಾಗೆ. ವಿದ್ಯಾರ್ಥಿನಿಗೆ ನಾನು ಹೇಳಿದ್ದು: ಇದನ್ನು ಹಾಕಿಕೋ, ಆದರೆ ತಾನಾಗಿ ಸೂಚಿಸುವ ಗುಣವನ್ನು ಆಫ್ ಮಾಡಿಡು, ಕೇಳಿದಾಗ ಮಾತ್ರ ಮಾತನಾಡಲಿ.

ಎಐಗಾಗಿಯೇ ಕಟ್ಟಿದ ಎಡಿಟರ್

ಕರ್ಸರ್ ಇದರಲ್ಲಿ ಹೆಸರುವಾಸಿ. ವಿಎಸ್ ಕೋಡ್ ಎಡಿಟರನ್ನೇ ಕವಲೊಡೆಸಿ (ಅದರ ಮೂಲ ಕೋಡ್ ತೆಗೆದುಕೊಂಡು ಬೇರೆಯಾಗಿ ಬೆಳೆಸಿ) ಮಾಡಿದ್ದರಿಂದ ಅಭ್ಯಾಸವಾಗಲು ಒಂದು ದಿನ ಸಾಕು. ಇಡೀ ಯೋಜನೆಯನ್ನು ಓದಿಕೊಂಡು, ಹಲವು ಫೈಲುಗಳನ್ನು ಒಟ್ಟಿಗೆ ತಿದ್ದಿ, ಬದಲಾದ ಸಾಲುಗಳನ್ನು ಹಸಿರು ಕೆಂಪಿನಲ್ಲಿ ತೋರಿಸುತ್ತದೆ. ಬದಲಾವಣೆಗಳನ್ನು ಕಣ್ಣಿನಿಂದ ನೋಡಿ ಒಪ್ಪುವುದಕ್ಕೆ ಈ ಬಗೆಯ ಎಡಿಟರುಗಳಷ್ಟು ಹಿತವಾದದ್ದು ಇನ್ನೊಂದಿಲ್ಲ. ದಿನವೂ ಐವತ್ತು ಫೈಲುಗಳ ಯೋಜನೆಯಲ್ಲಿ ಕೈಯಾಡಿಸುವವರಿಗೆ ಇದು ಒಳ್ಳೆಯ ಆಯ್ಕೆ.

ತೊಡಕು ಖರ್ಚಿನಲ್ಲಿದೆ. ತಿಂಗಳಿಗೆ 20 ಡಾಲರ್‌ನ ಪ್ರೊ ಯೋಜನೆಯಲ್ಲಿ ಮೊದಲು ಇಷ್ಟು ಬಾರಿ ಕೇಳಬಹುದು ಎಂಬ ಎಣಿಕೆ ಇತ್ತು. 2025ರ ಜೂನ್‌ನಲ್ಲಿ ಅದನ್ನು ಬಳಸಿದಷ್ಟಕ್ಕೆ ಲೆಕ್ಕ ಎಂದು ಬದಲಾಯಿಸಿದರು. ಅನಿರೀಕ್ಷಿತ ಬಿಲ್ ಬಂದವರು ಸಿಟ್ಟಿಗೆದ್ದಾಗ ಜುಲೈಯಲ್ಲಿ ಕಂಪನಿ ಕ್ಷಮೆ ಕೇಳಿ ಹಣ ಮರಳಿಸಲು ಒಪ್ಪಿತು. ಇದು ಒಂದು ಕಂಪನಿಯ ಕಥೆಯಲ್ಲ. ಈ ಸಾಧನಗಳೆಲ್ಲ ಬೇರೆಯವರ ಮಾದರಿಗಳನ್ನು ಕೊಂಡು ಮಾರುತ್ತವೆ ಅಥವಾ ತಮ್ಮದೇ ದುಬಾರಿ ಯಂತ್ರಗಳನ್ನು ಓಡಿಸುತ್ತವೆ, ಆದ್ದರಿಂದ ದರ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಯಾವುದಕ್ಕೂ ವರ್ಷದ ಚಂದಾ ಒಟ್ಟಿಗೆ ಕಟ್ಟಬೇಡಿ. ರಿಯಾಯಿತಿ ಎಷ್ಟೇ ಇರಲಿ, ತಿಂಗಳ ಲೆಕ್ಕದಲ್ಲೇ ಇರಿ, ಖರ್ಚಿನ ಮಿತಿಯನ್ನು ಮೊದಲ ದಿನವೇ ಹಾಕಿಡಿ.

ಟರ್ಮಿನಲ್‌ನ ಏಜೆಂಟ್: ಬಲವೂ ಹೆಚ್ಚು, ಭಾರವೂ ಹೆಚ್ಚು

2025ರಲ್ಲಿ ಈ ಬಗೆಯವು ಸಾಲಾಗಿ ಬಂದವು. ಫೆಬ್ರುವರಿಯಲ್ಲಿ ಆ್ಯಂಥ್ರೊಪಿಕ್‌ನ ಕ್ಲಾಡ್ ಕೋಡ್, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ. ಇವುಗಳಿಗಿಂತ ಮೊದಲೇ, 2023ರಿಂದ, ಏಡರ್ ಎಂಬ ಮುಕ್ತ ತಂತ್ರಾಂಶ ಇತ್ತು. ಇವಕ್ಕೆ ಎಡಿಟರ್ ಬೇಡ. ಫೋಲ್ಡರ್ ತೆರೆದು, ಆಗಬೇಕಾದ ಕೆಲಸವನ್ನು ಮಾತಿನಲ್ಲಿ ಹೇಳಿದರೆ, ಫೈಲು ಹುಡುಕಿ, ತಿದ್ದಿ, ಪರೀಕ್ಷೆ ಓಡಿಸಿ, ಮುರಿದದ್ದನ್ನು ಮತ್ತೆ ತಿದ್ದುತ್ತವೆ.

ಅಚ್ಚರಿ ಎಂದರೆ, ಗೋಜಲಿನ ಅಳತೆಯಲ್ಲಿ ಇವು ಎಡಿಟರ್‌ಗಳಿಗಿಂತ ಹಗುರ. ನಿಮ್ಮ ಎಡಿಟರ್ ಯಾವುದಾದರೂ ಸರಿ, ಬಿಡುವಾಗ ಏನೂ ಕೆಡುವುದಿಲ್ಲ. ಏಡರ್ ಮಾಡುವ ಒಂದು ಕೆಲಸ ನನಗೆ ತುಂಬ ಹಿಡಿಸುತ್ತದೆ: ತನ್ನ ಪ್ರತಿ ಬದಲಾವಣೆಯನ್ನೂ ತಾನೇ ಗಿಟ್‌ನಲ್ಲಿ (ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ತಂತ್ರಾಂಶದಲ್ಲಿ) ಬೇರೆ ಕಮಿಟ್ ಆಗಿ, ಅಂದರೆ ಮರಳಿ ಬರಬಹುದಾದ ಹಂತವಾಗಿ, ದಾಖಲಿಸುತ್ತದೆ. ಇಷ್ಟವಾಗದಿದ್ದರೆ ಒಂದು ಆದೇಶದಲ್ಲಿ ಹಿಂದಕ್ಕೆ ಬರಬಹುದು. ಬೇರೆ ಏಜೆಂಟ್ ಬಳಸುವವರು ಈ ಶಿಸ್ತನ್ನು ತಾವೇ ಪಾಲಿಸಬೇಕು. ಕೆಲಸ ಒಪ್ಪಿಸುವ ಮೊದಲು ಕಮಿಟ್, ಮುಗಿದ ಮೇಲೆ ಪ್ರತಿ ಸಾಲನ್ನೂ ಓದಿ ಕಮಿಟ್.

ಆ ಓದುವುದೇ ಭಾರ. ಅರ್ಧ ಗಂಟೆಯಲ್ಲಿ ಏಜೆಂಟ್ ಆರುನೂರು ಸಾಲು ಬರೆಯಬಲ್ಲದು, ಅದನ್ನು ಮನಸ್ಸಿಟ್ಟು ಓದಲು ನಮಗೆ ಅರ್ಧ ದಿನ ಬೇಕು. ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅನುಭವಿಗಳಾದ 16 ಮಂದಿ, ತಾವೇ ವರ್ಷಗಳಿಂದ ನೋಡಿಕೊಂಡು ಬಂದ ಮುಕ್ತ ತಂತ್ರಾಂಶಗಳಲ್ಲಿ 246 ಕೆಲಸಗಳನ್ನು ಮಾಡಿದರು. ಎಐ ಬಳಸಿದಾಗ ಶೇ 24ರಷ್ಟು ಬೇಗ ಮುಗಿಯುತ್ತದೆ ಎಂದು ಮೊದಲೇ ಅಂದಾಜು ಮಾಡಿದ್ದರು. ಮುಗಿದ ಮೇಲೂ ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ಗಡಿಯಾರ ಹೇಳಿದ್ದು ಬೇರೆ: ಶೇ 19ರಷ್ಟು ಹೆಚ್ಚು ಹೊತ್ತು ಹಿಡಿದಿತ್ತು. ಆ ಬಳಿಕ ಸಾಧನಗಳು ಸುಧಾರಿಸಿವೆ, ಹೊಸ ಕೋಡ್ ಬರೆಯುವಾಗ ಫಲ ಬೇರೆಯೇ ಇರಬಹುದು. ಆದರೂ ಈ ಫಲಿತಾಂಶದಲ್ಲಿ ನನ್ನನ್ನು ತಟ್ಟಿದ್ದು ನಿಧಾನವಲ್ಲ, ನಿಧಾನವಾಗಿದ್ದೇವೆ ಎಂಬುದು ಅನುಭವಿಗಳಿಗೇ ತಿಳಿಯದೆ ಹೋದದ್ದು.

ಖರ್ಚು: ಕ್ಲಾಡ್ ಕೋಡ್ 20 ಡಾಲರ್‌ನ ಪ್ರೊ ಚಂದಾದಲ್ಲಿ ಸೇರಿದೆ, ಹೆಚ್ಚು ಬಳಸುವವರಿಗೆ 100 ಮತ್ತು 200 ಡಾಲರ್‌ನ ಯೋಜನೆಗಳಿವೆ. ಕೋಡೆಕ್ಸ್ ಚಾಟ್‌ಜಿಪಿಟಿ ಪ್ಲಸ್ ಚಂದಾದೊಂದಿಗೆ ಬರುತ್ತದೆ, 2025ರಲ್ಲಿ ಓಪನ್‌ಎಐ ಪ್ರಕಟಿಸಿದ ರೂಪಾಯಿ ದರ 1,999. ಜೆಮಿನಿ ಸಿಎಲ್‌ಐ ಬಂದಾಗ ಸಾಮಾನ್ಯ ಗೂಗಲ್ ಖಾತೆಗೆ ದಿನಕ್ಕೆ 1,000 ಕೋರಿಕೆಗಳನ್ನು ಉಚಿತವಾಗಿ ಕೊಟ್ಟಿತ್ತು. ಉಚಿತ ಎಂದಾಗ ನಿಯಮಗಳನ್ನು ಓದಿ: ನೀವು ಕಳಿಸಿದ ಕೋಡನ್ನು ಮಾದರಿ ಸುಧಾರಿಸಲು ಬಳಸಿಕೊಳ್ಳುವ ಅವಕಾಶ ಹಲವು ಉಚಿತ ಯೋಜನೆಗಳಲ್ಲಿರುತ್ತದೆ.

ಟೋಕನ್ (ಮಾದರಿ ಓದುವ ಪಠ್ಯದ ಚೂರು) ಲೆಕ್ಕದಲ್ಲಿ ಹಣ ಕೊಡುವವರಿಗೆ ಇನ್ನೊಂದು ಮಾತು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಹೆಚ್ಚಾಗಿ ಇಂಗ್ಲಿಷ್ ಪಠ್ಯ ನೋಡಿ ರೂಪಿಸಿದ ಟೋಕನ್ ವಿಭಜಕಗಳು ಕನ್ನಡವನ್ನು ಚೂರು ಚೂರು ಮಾಡುತ್ತವೆ. ಹೊಸ ಮಾದರಿಗಳಲ್ಲಿ ಇದು ಸುಧಾರಿಸಿದ್ದರೂ, ಕನ್ನಡ ಪಠ್ಯದ ದೊಡ್ಡ ಫೈಲುಗಳನ್ನು ಏಜೆಂಟ್‌ಗೆ ಓದಿಸಿದರೆ ಬಿಲ್ ಬೇಗ ಏರುತ್ತದೆ. ನಿಘಂಟು, ಪದ್ಯಸಂಗ್ರಹಗಳಂಥ ಕೆಲಸದಲ್ಲಿ ಇಡೀ ಕಡತ ಕೊಡದೆ ಹತ್ತು ಸಾಲಿನ ನಮೂನೆ ಕೊಟ್ಟು ಪ್ರೋಗ್ರಾಮ್ ಬರೆಸಿ. ಕಡತದ ಮೇಲೆ ಅದನ್ನು ನೀವೇ ಓಡಿಸಿ.

ನಿಮ್ಮದೇ ಯಂತ್ರದಲ್ಲಿ ಓಡುವ ಮಾದರಿ

ಮಾದರಿಗಳನ್ನು ನಮ್ಮ ಯಂತ್ರದಲ್ಲೇ ಓಡಿಸುವ ಒಲಾಮಾ ತಂತ್ರಾಂಶ ಹಾಕಿಕೊಂಡು ಕ್ವೆನ್ 2.5 ಕೋಡರ್‌ನಂಥ ಮುಕ್ತ ಮಾದರಿಯನ್ನು ಇಳಿಸಿಕೊಂಡರೆ ಚಂದಾ ಇಲ್ಲ, ಕೋಡ್ ಮನೆ ಬಿಟ್ಟು ಹೋಗುವುದಿಲ್ಲ, ಇಂಟರ್ನೆಟ್ ಹೋದರೂ ಕೆಲಸ ನಡೆಯುತ್ತದೆ. 700 ಕೋಟಿ ನಿಯತಾಂಕಗಳ (ಮಾದರಿಯ ಗಾತ್ರ ತಿಳಿಸುವ ಎಣಿಕೆ) ಆವೃತ್ತಿ ಇಳಿಸಲು ಸುಮಾರು 4.7 ಜಿಬಿ. 16 ಜಿಬಿ ಮೆಮೊರಿ ಇದ್ದರೆ ನೆಮ್ಮದಿಯಾಗಿ ಓಡುತ್ತದೆ. 8 ಜಿಬಿಯಲ್ಲಿ ಬ್ರೌಸರ್, ಎಡಿಟರ್ ಎರಡೂ ತೆರೆದಿದ್ದರೆ ಯಂತ್ರ ಉಸಿರುಗಟ್ಟುತ್ತದೆ. ಅದಕ್ಕಿಂತ ಚಿಕ್ಕದು, ಸುಮಾರು 1 ಜಿಬಿಯದು, ಸಾಲು ಪೂರ್ತಿ ಮಾಡಲು ಸಾಕು, ಯೋಚಿಸಬೇಕಾದ ಕೆಲಸಕ್ಕೆ ಸಾಲದು. ಇಲ್ಲದ ಪ್ಯಾಕೇಜಿನ ಹೆಸರು ಹೇಳುವ ಪಿಡುಗು ಮುಕ್ತ ಮಾದರಿಗಳಲ್ಲಿ ಹೆಚ್ಚು ಎಂಬ ಅಧ್ಯಯನದ ಅಂಕಿ ನೆನಪಿರಲಿ. ಗುಣದಲ್ಲಿ ದೊಡ್ಡ ಮಾದರಿಗಳಿಗೆ ಇದು ಸಮವಲ್ಲ. ಆದರೆ ಗ್ರಾಹಕರ ಕೋಡ್ ಹೊರಗೆ ಕಳಿಸಬಾರದು ಎಂಬ ಕರಾರಿಗೆ ಸಹಿ ಹಾಕಿದವರಿಗೆ ಉಳಿಯುವ ದಾರಿ ಇದು, ಇಲ್ಲವೇ ಕಂಪನಿಯೇ ಒಪ್ಪಿ ಕೊಡಿಸುವ ಸಾಧನ.

ಮೂವರಿಗೆ ನಾನು ಹೇಳಿದ್ದು

ವಿದ್ಯಾರ್ಥಿನಿಗೆ: ಒಂದು ಪೈಸೆಯೂ ಖರ್ಚು ಮಾಡಬೇಡ. ಬ್ರೌಸರ್ ಚಾಟ್‌ನ ಉಚಿತ ಆವೃತ್ತಿ, ವಿದ್ಯಾರ್ಥಿಗಳಿಗೆ ಸಿಗುವ ಕೋಪೈಲಟ್, ಎರಡೇ. ಮೊದಲು ಸ್ವತಃ ಬರೆ, ಆಮೇಲೆ "ಇದರಲ್ಲಿ ಎಲ್ಲಿ ತಪ್ಪಿದೆ, ಉತ್ತರ ಹೇಳಬೇಡ, ಸುಳಿವು ಕೊಡು" ಎಂದು ಕೇಳು. ಪ್ರಾಜೆಕ್ಟಿಗೆ ಫ್ರೇಮ್‌ವರ್ಕ್ ಬೇಕೇ ಬೇಕು ಎಂದು ಮಾರ್ಗದರ್ಶಕರು ಹೇಳದಿದ್ದರೆ ಪೈಥಾನ್ ಜೊತೆಗೇ ಬರುವ ಲೈಬ್ರರಿಗಳಲ್ಲೇ ಮಾಡು. ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಅದರೊಳಗೇ ಇದೆ. ಸಂದರ್ಶನದಲ್ಲಿ ಪ್ರತಿ ಸಾಲನ್ನೂ ವಿವರಿಸಬಲ್ಲ ಇನ್ನೂರು ಸಾಲಿನ ಪ್ರಾಜೆಕ್ಟ್, ವಿವರಿಸಲಾಗದ ಐದು ಸಾವಿರ ಸಾಲಿಗಿಂತ ಅವಳ ಪರವಾಗಿ ಹೆಚ್ಚು ಮಾತನಾಡುತ್ತದೆ.

ಕಂಪನಿಯವರಿಗೆ: ಮೊದಲು ಕರಾರು ಓದಿ, ಕಂಪನಿ ಒಪ್ಪಿದ ಸಾಧನವನ್ನಷ್ಟೇ ಬಳಸಿ. ವೈಯಕ್ತಿಕ ಖಾತೆಯಲ್ಲಿ ಗ್ರಾಹಕರ ಕೋಡ್ ಅಂಟಿಸುವುದು ಕೆಲಸವನ್ನೇ ಪಣಕ್ಕಿಟ್ಟಂತೆ. ಆಯ್ಕೆ ಅವರ ಕೈಯಲ್ಲಿದ್ದರೆ, ಹಳೆಯ ದೊಡ್ಡ ಜಾವಾ ಯೋಜನೆಗೆ ಎಡಿಟರ್‌ನೊಳಗಿನ ಸೂಚಕದ ಜೊತೆಗೆ ಒಂದು ಏಜೆಂಟ್. ಆದರೆ ಏಜೆಂಟನ್ನು ಹೊಸ ಕೋಡ್ ಬರೆಯಲು ಬಳಸುವ ಮೊದಲು ಹಳೆಯದನ್ನು ಕಳೆಯಲು ಬಳಸಿ ಎಂದು ಒತ್ತಿ ಹೇಳಿದೆ. ಯಾರೂ ಕರೆಯದ ಫಂಕ್ಷನ್‌ಗಳು, ಬಳಕೆಯಿಲ್ಲದ ಲೈಬ್ರರಿಗಳು, ಒಂದೇ ಕೆಲಸಕ್ಕೆ ಇರುವ ಮೂರು ಸಂರಚನೆಗಳು. ಇವನ್ನು ಹುಡುಕುವುದರಲ್ಲಿ ಈ ಸಾಧನಗಳು ನಿಜವಾಗಿ ಚುರುಕು, ಮತ್ತು ಅಳಿಸಿದ ಸಾಲನ್ನು ಓದಿ ಒಪ್ಪುವುದು ಬರೆದ ಸಾಲನ್ನು ಒಪ್ಪುವುದಕ್ಕಿಂತ ಸುಲಭ.

ಸ್ವಂತವಾಗಿ ದುಡಿಯುವವರ ಜೊತೆ ಹೆಚ್ಚು ಹೊತ್ತು ಮಾತನಾಡಿದೆ. ಅವರು ತಿಂಗಳಿಗೆ ಎರಡು ಚಂದಾ ಕಟ್ಟುತ್ತಿದ್ದರು, ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ. ಕ್ಲಿನಿಕ್ಕಿನ ಜಾಲತಾಣ ತೆರೆದು ನೋಡಿದೆವು. ವೈದ್ಯರ ಹೆಸರು, ಸಮಯ, ನಕ್ಷೆ, ಫೋನ್ ನಂಬರ್. ಇಷ್ಟಕ್ಕೆ ರಿಯಾಕ್ಟ್ ಇತ್ತು, ಅದನ್ನು ಕಟ್ಟುವ ಸಾಧನ ಇತ್ತು, ಕಟ್ಟಿದ್ದನ್ನು ಏರಿಸುವ ಇನ್ನೊಂದು ಸೇವೆ ಇತ್ತು. ಸಮಯ ಬದಲಾಯಿಸಿ ಎಂದು ಕ್ಲಿನಿಕ್‌ನವರು ಫೋನ್ ಮಾಡಿದಾಗಲೆಲ್ಲ ಏಜೆಂಟ್ ತೆರೆಯಬೇಕಾಗಿತ್ತು, ಏಕೆಂದರೆ ಸಮಯ ಯಾವ ಫೈಲಿನಲ್ಲಿದೆ ಎಂದು ಅವರಿಗೇ ತಿಳಿದಿರಲಿಲ್ಲ. ಅದೇ ಏಜೆಂಟ್‌ಗೆ ಒಂದು ಸಂಜೆ ಕೂತು ಇಡೀ ತಾಣವನ್ನು ಸಾದಾ ಎಚ್‌ಟಿಎಂಎಲ್‌ನ ಎರಡು ಪುಟಕ್ಕೆ ಇಳಿಸಲು ಹೇಳಿದೆವು. ಈಗ ಸಮಯ ಬದಲಾಯಿಸುವುದು ಒಂದು ಸಾಲಿನ ಕೆಲಸ, ಅವರು ಮೊಬೈಲ್‌ನಿಂದಲೇ ಮಾಡುತ್ತಾರೆ. ಮುಂದಿನ ತಿಂಗಳು ಒಂದು ಚಂದಾ ನಿಲ್ಲಿಸಿದರು. ಇನ್ನೊಂದನ್ನು ದೊಡ್ಡ ಕೆಲಸ ಬಂದ ತಿಂಗಳು ಮಾತ್ರ ಕಟ್ಟುತ್ತೇನೆ ಎಂದಿದ್ದಾರೆ.

ಇನ್ನೂ ತೀರ್ಮಾನಿಸಲಾಗದವರು ಒಂದು ವಾರ ಹೀಗೆ ಮಾಡಿ ನೋಡಿ. ನಿಮಗೆ ಉತ್ತರ ಚೆನ್ನಾಗಿ ಗೊತ್ತಿರುವ ಒಂದು ಚಿಕ್ಕ ಕೆಲಸ ಆರಿಸಿ. ನನಗೆ ಛಂದಸ್ಸು ಇದ್ದ ಹಾಗೆ ನಿಮಗೆ ಅಡಿಕೆ ಲೆಕ್ಕವೋ, ಅಂಗಡಿಯ ಬಿಲ್ಲೋ, ಕ್ರಿಕೆಟ್ ಸರಾಸರಿಯೋ ಇರಬಹುದು. ತಪ್ಪನ್ನು ಹೊರಗೆಳೆಯುವ ಐದು ಪ್ರಶ್ನೆಗಳನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ನನ್ನ ಕಾಗದದಲ್ಲಿ "ಕಾವ್ಯ" ಇತ್ತು, "ಪ್ರಭು" ಇತ್ತು, "ರ‍್ಯಾಂಕ್" ಎಂಬ ಪದವೂ ಇತ್ತು, ಏಕೆಂದರೆ ಅದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಅಡಗಿದೆ. ಎರಡು ಸಾಧನಗಳಿಗೆ ಒಂದೇ ವಾಕ್ಯದಲ್ಲಿ ಅದೇ ಕೆಲಸ ಒಪ್ಪಿಸಿ. ಆಮೇಲೆ ಮೂರನ್ನು ಬರೆದುಕೊಳ್ಳಿ: ಐದರಲ್ಲಿ ಎಷ್ಟು ಸರಿ, ಎಷ್ಟು ಫೈಲುಗಳು ಹುಟ್ಟಿದವು, ಎಲ್ಲವನ್ನೂ ಓದಿ ಅರ್ಥ ಮಾಡಿಕೊಳ್ಳಲು ಗಡಿಯಾರದ ಪ್ರಕಾರ ಎಷ್ಟು ನಿಮಿಷ ಹಿಡಿಯಿತು. ನನ್ನ ಪಟ್ಟಿಯಲ್ಲಿ ಮೊದಲ ಏಜೆಂಟ್‌ನ ಎದುರು 47 ನಿಮಿಷ ಎಂದಿದೆ, ಬ್ರೌಸರ್ ಚಾಟ್‌ನ ಒಂದೇ ಫೈಲಿನ ಎದುರು 12.